ಗಗನವೀರನ ಉತ್ತರಚರಿತ

ಭವಭೂತಿಯು ಶ್ರೀರಾಮನ ಕಥೆಯನ್ನು ಎರಡು ನಾಟಕಗಳಾಗಿ ರಚಿಸಿದನು. ಮೊದಲನೆಯದಾದ ‘ಮಹಾವೀರಚರಿತ’ದಲ್ಲಿ ರಾಮನ ತಾರುಣ್ಯದಿಂದ ಹಿಡಿದು ಪಟ್ಟಾಭಿಷೇಕದವರೆಗಿನ ಪರಾಕ್ರಮವೆಲ್ಲವೂ ಅಡಕವಾಗಿದೆ, ‘ಉತ್ತರರಾಮಚರಿತ’ದಲ್ಲಾದರೋ ಆ ಪರಾಕ್ರಮವು ಮೊದಲ ಅಂಕದಲ್ಲಿಯೇ ನೋಡುವ ಚಿತ್ರಮಾತ್ರವಾಗಿ ಉಳಿದು, ಹನ್ನೆರಡು ವರ್ಷಗಳ ತರುವಾಯ ಪಂಚವಟಿಗೆ ಮರಳಿದ ನಾಯಕನು ತಾನು ಹಿಂದೆ ಕಂಡಿದ್ದ ಗಿಡಮರಗಳನ್ನೂ ಗುಡ್ಡಗಳನ್ನೂ ಹೊಳೆಯನ್ನೂ ಮತ್ತೆ ಕಂಡು, ಅವು ಇದ್ದಂತೆಯೇ ಇದ್ದು ತಾನು ಮಾತ್ರ ಬೇರೆಯವನಾಗಿರುವುದನ್ನು ತಾಳಲಾರದೆ ಮೂರ್ಛೆ ಹೋಗುತ್ತಾನೆ. ಸಹೃದಯರು ಮೊದಲನೆಯ ನಾಟಕವನ್ನು ಗೌರವದಿಂದ ಕಪಾಟಿನಲ್ಲಿಟ್ಟು ಎರಡನೆಯದನ್ನು ಎದೆಯಲ್ಲಿಟ್ಟುಕೊಂಡರು. ಅಮೆರಿಕೆಯ ಯುದ್ಧವಿಮಾನಗಳ ಸಿನಿಮಾವೊಂದಕ್ಕೆ ಭವಭೂತಿಯ ಪೀಠಿಕೆಯೇ ಎಂದು ನಗುವವರು ನಗಬಹುದು. ಆದರೆ ‘ಟಾಪ್ ಗನ್: ಮ್ಯಾವರಿಕ್’ ಎಂಬ ಚಿತ್ರವನ್ನು ಎರಡನೆಯ ಸಲ ನೋಡಿ ಬಂದ ರಾತ್ರಿ ನನಗೆ ನೆನಪಾದದ್ದು ಪಂಚವಟಿಯೇ ಹೊರತು ಬೇರೆ ಯಾವ ಯುದ್ಧಚಿತ್ರವೂ ಅಲ್ಲ.

ಪೂರ್ವಕಥೆಯಾದ ‘ಟಾಪ್ ಗನ್’ ತೆರೆಕಂಡದ್ದು 1986ರ ಮೇ ತಿಂಗಳಲ್ಲಿ. ಉತ್ತರಕಥೆ ಬಂದದ್ದು 2022ರ ಮೇ 27ರಂದು. ನಡುವೆ 36 ವರ್ಷಗಳು. ಅಂದು ತೊಟ್ಟಿಲಲ್ಲಿದ್ದ ಕೂಸು ಇಂದು ತನ್ನ ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಿರುವಷ್ಟು ಕಾಲ. ಇಷ್ಟು ತಡವಾಗಿ ಬರುವ ಎರಡನೆಯ ಭಾಗಗಳು ಸಾಮಾನ್ಯವಾಗಿ ತಂಗಳನ್ನಕ್ಕೆ ಒಗ್ಗರಣೆ ಹಾಕಿ ಬಡಿಸಿದ ಚಿತ್ರಾನ್ನದಂತಿರುತ್ತವೆ. ಹಸಿದವನು ತಿನ್ನುತ್ತಾನೆ, ಹೊಗಳುವುದಿಲ್ಲ. ಈ ಚಿತ್ರ ಆ ಗತಿಯಿಂದ ಪಾರಾದದ್ದು ಹೇಗೆಂಬುದೇ ಈ ಲೇಖನದ ವಿಚಾರ.

ಮೊದಲ ಭಾಗದ ವಿಷಯದಲ್ಲಿ ದಾಕ್ಷಿಣ್ಯವಿಲ್ಲದೆ ಒಂದು ಮಾತು ಹೇಳಿಬಿಡಬೇಕು. ಬಾಡಿಗೆಗೆ ತಂದ ವಿಡಿಯೋ ಯಂತ್ರವನ್ನು ಬೆಳಗಾಗುವುದರೊಳಗೆ ಹಿಂದಿರುಗಿಸಬೇಕಾಗಿದ್ದ ಆ ಕಾಲದಲ್ಲಿ, ಒಂದೇ ರಾತ್ರಿ ಮೂರು ಕ್ಯಾಸೆಟ್ಟುಗಳ ನಡುವಣದಾಗಿ ಅದನ್ನು ನಾನು ಕಂಡೆನು. ಮರುದಿನ ಕಥೆ ಕೇಳಿದವರಿಗೆ ಹೇಳಲು ನನ್ನಲ್ಲಿ ಕಥೆಯೇ ಇರಲಿಲ್ಲ, ಸೂರ್ಯಾಸ್ತದ ಕಿತ್ತಳೆ ಬಣ್ಣವೂ ಮೋಟಾರ್ ಸೈಕಲ್ಲೂ ಕಪ್ಪು ಕನ್ನಡಕವೂ ಮಾತ್ರ ಇದ್ದವು. ನಿರ್ದೇಶಕ ಟೋನಿ ಸ್ಕಾಟ್ ಜಾಹೀರಾತುಗಳನ್ನು ಚಿತ್ರಿಸಿ ಪಳಗಿದವನು. ಪ್ರತಿಯೊಂದು ದೃಶ್ಯವೂ ಏನನ್ನೋ ಮಾರಲು ನಿಂತಂತೆ ಥಳಥಳಿಸುತ್ತದೆ. ಪೀಟ್ ಮಿಚೆಲ್ ಎಂಬ ತರುಣ ನೌಕಾವೈಮಾನಿಕ, ಅವನ ಹಿಂದಿನ ಆಸನದಲ್ಲಿ ಕೂಡುವ ಪ್ರಾಣಸ್ನೇಹಿತ ಗೂಸ್, ಎದುರಾಳಿಯಾದ ಐಸ್‌ಮ್ಯಾನ್, ಪಾಠ ಹೇಳಲು ಬಂದು ಪ್ರೇಮಕ್ಕೆ ಸಿಕ್ಕುವ ಚಾರ್ಲಿ. ಮಧ್ಯೆ ಒಂದು ಅಪಘಾತ, ಗೂಸ್‌ನ ಸಾವು. ಕೊನೆಗೆ ಎಲ್ಲಿಂದಲೋ ಬಂದ ಶತ್ರುವಿಮಾನಗಳ ಸಂಹಾರ. ಆ ವರ್ಷ ಜಗತ್ತಿನಲ್ಲೆಲ್ಲ ಅತಿ ಹೆಚ್ಚು ಹಣ ಗಳಿಸಿದ ಚಿತ್ರ ಅದು. ಅಮೆರಿಕೆಯ ಕೆಲವು ಚಿತ್ರಮಂದಿರಗಳ ಹೊರಗೆ ನೌಕಾದಳದವರು ಮೇಜು ಹಾಕಿಕೊಂಡು, ಚಿತ್ರ ನೋಡಿ ಹೊರಬಂದ ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದರು. ಗೂಸ್‌ನ ಸಾವಾದರೂ ನಾಯಕನಿಗೆ ಅರ್ಧ ಗಂಟೆಯ ದುಃಖವನ್ನು ಒದಗಿಸುವ ಉಪಾಯವಾಗಿತ್ತೇ ಹೊರತು ಅದರ ಭಾರ ಅಲ್ಲಿ ಯಾರ ಹೆಗಲಿಗೂ ಬೀಳಲಿಲ್ಲ. ಚಿತ್ರೀಕರಣದಲ್ಲಿ ನಿಜವಾಗಿ ಪ್ರಾಣ ತೆತ್ತವನು ಬೇರೊಬ್ಬ: ಕ್ಯಾಮೆರಾ ಹೊತ್ತ ಪುಟ್ಟ ವಿಮಾನವನ್ನು ನಡೆಸುತ್ತಿದ್ದ ಆರ್ಟ್ ಷೋಲ್ ಎಂಬ ಪ್ರವೀಣನು 1985ರಲ್ಲಿ ಸಮುದ್ರಕ್ಕೆ ಬಿದ್ದು ತೀರಿಕೊಂಡನು, ಚಿತ್ರವನ್ನು ಅವನ ನೆನಪಿಗೇ ಅರ್ಪಿಸಲಾಯಿತು.

‘ಮ್ಯಾವರಿಕ್’ ಎಂಬುದು ಪೀಟ್ ಮಿಚೆಲನ ಹಾರಾಟದ ಹೆಸರು. ಟೆಕ್ಸಾಸಿನ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ಹತ್ತೊಂಬತ್ತನೆಯ ಶತಮಾನದ ಜಮೀನುದಾರನು ತನ್ನ ದನಗಳಿಗೆ ಬರೆಮುದ್ರೆ ಹಾಕಿಸದೆ ಬಿಟ್ಟಿದ್ದರಿಂದ, ಗುರುತಿಲ್ಲದೆ ಅಲೆಯುವ ದನವನ್ನೆಲ್ಲ ಜನ ಅವನ ಹೆಸರಿನಿಂದ ಕರೆಯತೊಡಗಿದರು. ಬರಬರುತ್ತ ಅದು ಅಂಕೆಗೆ ಸಿಕ್ಕದ ಮನುಷ್ಯನಿಗೂ ಅಂಟಿಕೊಂಡಿತು. ನಮ್ಮ ಹಳ್ಳಿಯವರು ಇದಕ್ಕೆ ‘ಬೀಡಾಡಿ’ ಎನ್ನುವರು. ಬೀಡಾಡಿತನ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಚೆಲುವಾಗಿ ಕಾಣುತ್ತದೆ; ಅರವತ್ತರ ಸಮೀಪದಲ್ಲಿ ಅದು ಏನಾಗಿ ಕಾಣುತ್ತದೆಂಬ ಪ್ರಶ್ನೆಯನ್ನು ಉತ್ತರಕಥೆ ಎತ್ತಿಕೊಂಡಿದೆ.

ಚಿತ್ರದ ಹೆಸರಿಗೆ ಮೂಲವಾದ ಶಾಲೆ ಕಟ್ಟುಕಥೆಯಲ್ಲ. ವಿಯೆಟ್ನಾಮಿನ ಆಕಾಶದಲ್ಲಿ ಕ್ಷಿಪಣಿಗಳನ್ನೇ ನಂಬಿ ಹೊರಟ ಅಮೆರಿಕೆಯ ನೌಕಾವೈಮಾನಿಕರು, ಎದುರಾಳಿಯ ಚುರುಕಾದ ಮಿಗ್ ವಿಮಾನಗಳ ಮುಂದೆ ತಡಬಡಿಸಿ, ಸುಮಾರು ಎರಡು ವಿಮಾನಗಳನ್ನು ಕೆಡಹುವುದಕ್ಕೆ ತಮ್ಮದೊಂದನ್ನು ತೆರುವ ಸ್ಥಿತಿಗೆ ಇಳಿದಾಗ, ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬ ಅಧಿಕಾರಿಯು 1968ರಲ್ಲಿ ದೀರ್ಘವಾದ ವರದಿಯೊಂದನ್ನು ಒಪ್ಪಿಸಿದನು. ಅದರ ಫಲವಾಗಿ 1969ರ ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯದ ಮಿರಮಾರ್ ನೆಲೆಯಲ್ಲಿ, ಮರೆತುಹೋಗಿದ್ದ ಮಲ್ಲಯುದ್ಧವನ್ನು ಗಗನದಲ್ಲಿ ಮತ್ತೆ ಕಲಿಸುವ ಗರಡಿಯೊಂದು ಡಾನ್ ಪೆಡರ್‌ಸನ್ ಎಂಬಾತನ ಮುಂದಾಳುತನದಲ್ಲಿ ಹುಟ್ಟಿಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಲೆಕ್ಕ ಸುಮಾರು ಹನ್ನೆರಡಕ್ಕೆ ಒಂದು ಎಂಬಷ್ಟಾಗಿತ್ತು. 1996ರಲ್ಲಿ ಗರಡಿ ನೆವಾಡದ ಫ್ಯಾಲನ್ ಎಂಬ ಮರಳುಗಾಡಿನ ಊರಿಗೆ ಹೋಯಿತು. ಉತ್ತರಕಥೆಯು ಅದನ್ನು ಇನ್ನೂ ಕಡಲತಡಿಯಲ್ಲೇ ತೋರಿಸುವುದು ಸೂರ್ಯಾಸ್ತದ ಮೇಲಿನ ಮೋಹದಿಂದಿರಬೇಕು. ಈ ಶಾಲೆಯಲ್ಲಿ ಸಿನಿಮಾದ ಮಾತನ್ನು ಯಾರಾದರೂ ಆಡಿದರೆ ಐದು ಡಾಲರ್ ದಂಡವೆಂದು ಅಲ್ಲಿನವರೇ ಹೇಳಿಕೊಂಡು ನಗುವುದುಂಟು.

ಹೀಗೆ ಹಣವನ್ನೂ ಕೀರ್ತಿಯನ್ನೂ ತಂದ ಚಿತ್ರಕ್ಕೆ ಎರಡನೆಯ ಭಾಗ ಮರುವರ್ಷವೇ ಏಕೆ ಬರಲಿಲ್ಲ? ನಾಯಕನಟ ಟಾಮ್ ಕ್ರೂಸ್ 1989ರಲ್ಲಿ, ವಿಯೆಟ್ನಾಮಿನಲ್ಲಿ ಎದೆಯ ಕೆಳಗಿನ ಶಕ್ತಿಯನ್ನೆಲ್ಲ ಕಳೆದುಕೊಂಡು ಗಾಲಿಕುರ್ಚಿಗೆ ಬಿದ್ದ ಸೈನಿಕನ ಪಾತ್ರವನ್ನು ಬೇರೊಂದು ಚಿತ್ರದಲ್ಲಿ ವಹಿಸಿ, ಅದರ ಮರುವರ್ಷದ ಸಂದರ್ಶನವೊಂದರಲ್ಲಿ, ‘ಟಾಪ್ ಗನ್’ ಒಂದು ಮೋಜಿನ ಸವಾರಿಯೇ ಹೊರತು ಯುದ್ಧ ಹಾಗಿರುವುದಿಲ್ಲವೆಂದೂ, ಅದರ ಮುಂದಿನ ಭಾಗಗಳನ್ನು ಮಾಡುತ್ತ ಹೋಗುವುದು ಹೊಣೆಗೇಡಿತನವಾದೀತೆಂದೂ ನುಡಿದಿದ್ದನು. ಆ ಮಾತು ಇಪ್ಪತ್ತು ವರ್ಷಗಳಷ್ಟು ಕಾಲ ನಿಂತಿತು. ಆಮೇಲೆ ಸಿದ್ಧತೆ ಮೊದಲಾಗಿ ಇನ್ನೇನು ನಡೆಯಿತೆನ್ನುವಾಗ, 2012ರ ಆಗಸ್ಟಿನಲ್ಲಿ ಟೋನಿ ಸ್ಕಾಟ್ ತೀರಿಕೊಂಡನು. ಕೆಲವು ವರ್ಷ ಕೆಲಸ ನಿಂತುಹೋಯಿತು. ಬಳಿಕ ಜೋಸೆಫ್ ಕೊಸಿನ್ಸ್ಕಿ ಎಂಬ ತರುಣ ನಿರ್ದೇಶಕನು ಪ್ಯಾರಿಸಿಗೆ ಹೋಗಿ, ಬೇರೊಂದು ಚಿತ್ರದ ಚಿತ್ರೀಕರಣದಲ್ಲಿದ್ದ ಕ್ರೂಸ್‌ನ ಬಿಡುವಿನ ಅರ್ಧ ಗಂಟೆಯಲ್ಲಿ, ಮಡಿದ ಗೂಸ್‌ನ ಮಗ ಬೆಳೆದು ತಾನೂ ವೈಮಾನಿಕನಾಗಿ ಮ್ಯಾವರಿಕ್‌ನ ಎದುರು ನಿಂತಿರುವ ಕಥೆಯನ್ನು ಹೇಳಿದನು; ಕೇಳಿ ಮುಗಿಸಿದ ನಟನು ಅಲ್ಲಿಂದಲೇ ಚಿತ್ರಸಂಸ್ಥೆಯ ಮುಖ್ಯಸ್ಥನಿಗೆ ದೂರವಾಣಿ ಮಾಡಿ ಚಿತ್ರ ಮಾಡೋಣವೆಂದನಂತೆ.

ಚಿತ್ರೀಕರಣ 2018ರ ಮೇ ತಿಂಗಳಲ್ಲಿ ಮೊದಲಾಯಿತು. ಬಿಡುಗಡೆಗೆ ಮೊದಲು ಗೊತ್ತಾದದ್ದು 2019ರ ಜುಲೈ. ಹಾರಾಟದ ದೃಶ್ಯಗಳು ಪಕ್ವವಾಗಲೆಂದು ಅದು 2020ಕ್ಕೆ ಹೋಯಿತು. ಅಷ್ಟರಲ್ಲಿ ಕೊರೊನಾ ಬಂದು ಲೋಕದ ಚಿತ್ರಮಂದಿರಗಳಿಗೆಲ್ಲ ಬೀಗ ಬಿತ್ತು. ಮನೆಯ ಟೆಲಿವಿಷನ್ನಿಗೇ ಚಿತ್ರವನ್ನು ಬಿಡುಗಡೆ ಮಾಡುವ ಚಾಳಿ ಹುಟ್ಟಿದ್ದ ಆ ದಿನಗಳಲ್ಲಿ, ಇದನ್ನೂ ಹಾಗೆ ಬಿಡಬಹುದಾಗಿತ್ತಲ್ಲವೇ ಎಂದು 2022ರ ಕಾನ್ ಉತ್ಸವದಲ್ಲಿ ಕೇಳಿದಾಗ, ಅದು ಎಂದಿಗೂ ಸಾಧ್ಯವಿರಲಿಲ್ಲವೆಂದು ಕ್ರೂಸ್ ಖಂಡಿತವಾಗಿ ಹೇಳಿದನು. ಡಬ್ಬದಲ್ಲಿ ಮೂರು ವರ್ಷ ಕಾದ ಚಿತ್ರ ಹೊರಬಂದು ಗಳಿಸಿದ್ದು ಸುಮಾರು 149 ಕೋಟಿ ಡಾಲರ್. ಆರು ಆಸ್ಕರ್ ನಾಮನಿರ್ದೇಶನಗಳಲ್ಲಿ ಕೈಗೆ ಬಂದದ್ದು ಒಂದೇ, ಅದೂ ಶಬ್ದಗ್ರಹಣಕ್ಕೆ. ಯಲಹಂಕದ ವಾಯುಪ್ರದರ್ಶನದಲ್ಲಿ ಹಿಂದೊಮ್ಮೆ ಇದೇ ಸೂಪರ್ ಹಾರ್ನೆಟ್ ವಿಮಾನ ತಲೆಯ ಮೇಲೆ ಹಾದುಹೋದಾಗ ಎದೆಗೂಡು ನಡುಗಿದ್ದನ್ನು ಬಲ್ಲ ಬೆಂಗಳೂರಿನವರಿಗೆ ಆ ಬಹುಮಾನ ನ್ಯಾಯವಾದದ್ದೆಂದು ತೋರೀತು.

ಈಗ ಪಂಚವಟಿಯ ಮಾತು. ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿಯೂ ಕ್ಯಾಪ್ಟನ್ ಎಂಬ ಪದವಿಯನ್ನು ದಾಟದ ಮ್ಯಾವರಿಕ್, ಹಳೆಯ ನೆಲೆಗೆ ಹಿಂದಿರುಗಿದ ಸಂಜೆ ಕಡಲತಡಿಯ ಮದ್ಯಶಾಲೆಯೊಂದಕ್ಕೆ ಬರುತ್ತಾನೆ. ಎಲ್ಲರ ಲೆಕ್ಕವೂ ಅವನ ತಲೆಗೆ ಬೀಳುತ್ತದೆ, ಅವನ ಕಾರ್ಡು ನಡೆಯುವುದಿಲ್ಲ. ಅಲ್ಲಿಯ ಪದ್ಧತಿಯಂತೆ, ಮರುದಿನ ತನ್ನ ಶಿಷ್ಯರಾಗಲಿರುವ ಹುಡುಗರೇ ಅವನಾರೆಂದರಿಯದೆ ಕೈಕಾಲು ಹಿಡಿದೆತ್ತಿ ಹೊರಗಿನ ಮರಳಿಗೆ ಎಸೆಯುತ್ತಾರೆ. ಅವನು ನಗುತ್ತ ಏಳುತ್ತಾನೆ. ಆಗ ಒಳಗಿನಿಂದ ಪಿಯಾನೋ ಕೇಳಿಸುತ್ತದೆ. ಗೂಸ್‌ನಂತೆಯೇ ಮೀಸೆ ಬಿಟ್ಟ, ಗೂಸ್‌ನಂತೆಯೇ ಹೂವಿನ ಅಂಗಿ ತೊಟ್ಟ ಒಬ್ಬ ತರುಣನು, ಗೂಸ್ ಹಿಂದೆ ಬಾರಿಸುತ್ತಿದ್ದ ಹಾಡನ್ನೇ ಬಾರಿಸುತ್ತಿದ್ದಾನೆ; ಸುತ್ತಲೂ ಅವನ ವಯಸ್ಸಿನವರು ಹೆಗಲಿಗೆ ಹೆಗಲು ತಾಗಿಸಿ ಹಾಡುತ್ತಿದ್ದಾರೆ. ಕಿಟಕಿಯ ಆಚೆ ಕತ್ತಲಲ್ಲಿ ನಿಂತ ಮ್ಯಾವರಿಕ್‌ನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಭವಭೂತಿಯ ರಾಮನು ಲವಕುಶರ ಮುಖದಲ್ಲಿ ಸೀತೆಯನ್ನು ಕಾಣುವ ಪ್ರಸಂಗವನ್ನು ಓದಿದವರಿಗೆ ಇಲ್ಲಿ ವ್ಯಾಖ್ಯಾನ ಬೇಕಾಗದು. ಮೂವತ್ತಾರು ವರ್ಷಗಳ ಹಿಂದೆ ಕಥೆಯ ಅನುಕೂಲಕ್ಕೆಂದು ಸಾಯಿಸಿದ ಒಂದು ಪಾತ್ರವು, ಆ ಒಂದು ನಿಮಿಷದಲ್ಲಿ ಮೊದಲ ಬಾರಿಗೆ ನಿಜವಾಗಿ ಸತ್ತಿತು. ಮರುವರ್ಷವೇ ಎರಡನೆಯ ಭಾಗ ತೆಗೆದಿದ್ದರೆ ಈ ನಿಮಿಷವನ್ನು ಎಷ್ಟು ಹಣ ಸುರಿದರೂ ಕೊಳ್ಳಲಾಗುತ್ತಿರಲಿಲ್ಲ. ಮಗನ ಪಾತ್ರದ ಮೈಲ್ಸ್ ಟೆಲ್ಲರ್ ಹುಟ್ಟಿದ್ದೇ ಮೊದಲ ಭಾಗ ಬಂದ ಮರುವರ್ಷ!

ಹುಡುಗನ ತಾಯಿಯ ಕೊನೆಯ ಮಾತಿಗೆ ಕಟ್ಟುಬಿದ್ದು ಮ್ಯಾವರಿಕ್ ಅವನ ಅರ್ಜಿಯನ್ನು ತಡೆಹಿಡಿದು ಅವನ ನಾಲ್ಕು ವರ್ಷಗಳನ್ನು ಹಾಳುಮಾಡಿದ್ದಾನೆ, ಕಾರಣ ಹೇಳಿಲ್ಲ. ಹೇಳಿದರೆ ಸತ್ತ ತಾಯಿಯ ಮೇಲೆ ಮಗನಿಗೆ ಮುನಿಸು. ಹೇಳದಿದ್ದರೆ ತನ್ನ ಮೇಲೆ. ಎರಡನೆಯದನ್ನೇ ಹೊತ್ತುಕೊಂಡವನ ಕೈಯಲ್ಲಿ ಈಗ, ಹೋದವರು ಮರಳುವ ಭರವಸೆಯಿಲ್ಲದ ದಾಳಿಯೊಂದಕ್ಕೆ ಅದೇ ಹುಡುಗನನ್ನು ಕಳುಹಿಸಬೇಕೆ ಬೇಡವೆ ಎಂಬ ನಿರ್ಣಯವಿದೆ. ಕಣಿವೆಯೊಳಗೆ ನೆಲದಿಂದ ನೂರು ಅಡಿಗೂ ಕಡಿಮೆ ಎತ್ತರದಲ್ಲಿ ಎರಡೂವರೆ ನಿಮಿಷ ಹಾರಿ, ಬೆಟ್ಟ ಹತ್ತಿಳಿದು ಬಾಂಬು ಹಾಕಿ, ಮತ್ತೆ ಕಡಿದಾದ ಗೋಡೆಯನ್ನು ಏರಬೇಕು. ಏರಿದ ಕೂಡಲೇ ಕ್ಷಿಪಣಿಗಳು ಕಾದಿರುತ್ತವೆ. ಮೇಲಧಿಕಾರಿಗಳ ಯೋಜನೆಯೆಲ್ಲ ಒಳಹೊಗುವುದರ ಮೇಲೆ, ಗುರುವಿನ ಚಿಂತೆಯೆಲ್ಲ ಹೊರಬರುವುದರ ಮೇಲೆ. ಅಭಿಮನ್ಯುವಿಗೆ ಇಂಥ ಗುರು ಸಿಕ್ಕಲಿಲ್ಲ. (1977ರ ‘ಸ್ಟಾರ್ ವಾರ್ಸ್’ ನೋಡಿದವರಿಗೆ ಈ ಕಣಿವೆಯ ದಾಳಿ ಚೆನ್ನಾಗಿ ಪರಿಚಿತವೆನಿಸಿದರೆ ತಪ್ಪು ಅವರದಲ್ಲ.)

ಚಿತ್ರದ ಇನ್ನೊಂದು ಸತ್ಯವು ದೇಹದ್ದು. ಎಫ್/ಎ-18 ಎಫ್ ವಿಮಾನದಲ್ಲಿ ಎರಡು ಆಸನಗಳಿವೆ; ಮುಂದೆ ನೌಕಾದಳದ ನಿಜವಾದ ವೈಮಾನಿಕ, ಹಿಂದೆ ನಟ. ಛಾಯಾಗ್ರಾಹಕ ಕ್ಲಾಡಿಯೊ ಮಿರಾಂಡನು ಆ ಇಕ್ಕಟ್ಟಿನಲ್ಲಿ ಆರು ಕ್ಯಾಮೆರಾಗಳನ್ನು ಕೂಡಿಸಿದ್ದನು. ಮೇಲೆ ಹೋದ ನಟನಿಗೆ ನಿರ್ದೇಶಕನಿಲ್ಲ, ದೀಪ ಹಿಡಿಯುವವನಿಲ್ಲ. ಸೂರ್ಯ ಯಾವ ಹೆಗಲ ಮೇಲಿದ್ದಾನೆಂದು ತಾನೇ ನೋಡಿಕೊಂಡು, ತಾನೇ ಕ್ಯಾಮೆರಾ ಚಾಲೂ ಮಾಡಿ, ಮಾತನ್ನೊಪ್ಪಿಸಿ ಇಳಿಯಬೇಕು. ಇದಕ್ಕೆಂದು ಕ್ರೂಸ್ ತಾನೇ ಒಂದು ಪಾಠಕ್ರಮವನ್ನು ರಚಿಸಿ, ಪುಟ್ಟ ಸೆಸ್ನಾದಿಂದ ಮೊದಲುಮಾಡಿ, ಲಾಗ ಹೊಡೆಯುವ ಎಕ್ಸ್‌ಟ್ರಾ 300, ಅನಂತರ ಎಲ್-39 ಜೆಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತರುಣ ನಟರನ್ನು ಮೂರು ತಿಂಗಳು ಪಳಗಿಸಿದನು. ವಿಮಾನಗಳ ಬಾಡಿಗೆಯಾಗಿ ನೌಕಾದಳಕ್ಕೆ ಗಂಟೆಗೆ 11,374 ಡಾಲರುಗಳಷ್ಟು ಕೊಡಬೇಕಾಗಿತ್ತು. ನಟರು ಯಾವ ಹಿಡಿಕೆಯನ್ನೂ ಮುಟ್ಟಕೂಡದೆಂಬ ಕಟ್ಟುಪಾಡು ಬೇರೆ. ವಿಮಾನವು ತೀವ್ರವಾಗಿ ತಿರುಗುವಾಗ ದೇಹದ ತೂಕ ಏಳೂವರೆ ಪಟ್ಟಾದರೆ, ಶಿರಸ್ತ್ರಾಣದೊಡನೆ ಏಳು ಕಿಲೋ ತೂಗುವ ತಲೆಯು ಒಂದು ಅಕ್ಕಿಮೂಟೆಯಾಗಿ ಕತ್ತಿನ ಮೇಲೆ ಕೂರುತ್ತದೆ. ರಕ್ತ ಕಾಲಿನ ಕಡೆಗಿಳಿದು ಮೊದಲು ಬಣ್ಣಗಳು ಮಾಸುತ್ತವೆ, ಅನಂತರ ದೃಷ್ಟಿ ಕೊಳವೆಯಂತೆ ಕಿರಿದಾಗುತ್ತದೆ, ಆಮೇಲೆ ಪ್ರಜ್ಞೆಯೇ ಹೋಗುತ್ತದೆ. ನಮ್ಮ ವಾಯುಪಡೆಯವರನ್ನು ಇದಕ್ಕೆ ಒಗ್ಗಿಸಲೆಂದು ಉದ್ದನೆಯ ತೋಳಿನ ತುದಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸುವ ಯಂತ್ರವು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿಯೇ ಉಂಟು. ತೆರೆಯ ಮೇಲೆ ಆ ಕೆನ್ನೆಗಳು ಜೋತುಬಿದ್ದು, ಕಣ್ಣಿನ ಕೆಳಗಿನ ತೊಗಲು ಇಳಿಬಿದ್ದು, ತರುಣರೆಲ್ಲ ಒಂದು ಕ್ಷಣ ಮುದುಕರಾಗುವುದನ್ನು ಕಂಡಾಗ, ಇದು ಅಭಿನಯವಲ್ಲವೆಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಮುದುಕನಾಗಲೊಲ್ಲದ ನಾಯಕನ ಮುಖವನ್ನೂ ಆ ಭಾರ ಬಿಡುವುದಿಲ್ಲ.

ಎಲ್ಲವೂ ನಿಜವೆಂಬ ಡಂಗುರವನ್ನು ಮಾತ್ರ ಪೂರ್ತಿಯಾಗಿ ನಂಬಬೇಡಿ. ಕಂಪ್ಯೂಟರಿನ ಕೈ ತಾಗಿದ ದೃಶ್ಯತುಣುಕುಗಳು ಇದರಲ್ಲಿ ಎರಡು ಸಾವಿರಕ್ಕೂ ಮಿಕ್ಕಿವೆ. ಕೊನೆಯಲ್ಲಿ ಹಾರುವ ಹಳೆಯ ಎಫ್-14 ಅಂತೂ ಹಾರಲೇ ಇಲ್ಲ. ಅಮೆರಿಕೆಯು 2006ರಲ್ಲಿ ಆ ವಿಮಾನವನ್ನು ನಿವೃತ್ತಿಗೊಳಿಸಿ, ಬಿಡಿಭಾಗಗಳು ಇರಾನಿನ ಕೈಸೇರದಿರಲೆಂದು ಬಹುಪಾಲನ್ನು ಚೂರುಮಾಡಿತು; ಚಿತ್ರೀಕರಣಕ್ಕೆ ಸಿಕ್ಕಿದ್ದು ಸ್ಯಾನ್ ಡಿಯೇಗೋದ ವಸ್ತುಸಂಗ್ರಹಾಲಯದ ಒಂದು ಕಳೇಬರ. ಇನ್ನು, ಹೊಸ ಎಫ್-35 ಇರುವಾಗ ದಾಳಿಗೆ ಹಳೆಯ ಎಫ್/ಎ-18ನ್ನೇಕೆ ಬಳಸಬೇಕೆಂಬುದಕ್ಕೆ ಕಥೆಯೊಳಗೆ ಏನೋ ತಾಂತ್ರಿಕ ಸಮಾಧಾನವಿದೆ; ನಿಜವಾದ ಸಮಾಧಾನವೆಂದರೆ ಎಫ್-35ಕ್ಕೆ ಒಂದೇ ಆಸನ, ನಟನನ್ನು ಕೂರಿಸಲು ಜಾಗವಿಲ್ಲ. ಮೊದಲ ದೃಶ್ಯದಲ್ಲಿ ಶಬ್ದದ ಹತ್ತರಷ್ಟು ವೇಗದಲ್ಲಿ ಒಡೆದುಹೋಗುವ ವಿಮಾನದಿಂದ ನಾಯಕನು ಮಸಿ ಬಳಿದ ಮುಖದೊಡನೆ ಊಟದಂಗಡಿಗೆ ನಡೆದು ಬರುವುದನ್ನು ಹಾಸ್ಯವೆಂದೇ ತೆಗೆದುಕೊಳ್ಳಬೇಕು. ಆ ವೇಗದ ಗಾಳಿ ಮನುಷ್ಯನನ್ನು ಬೂದಿಯಾಗಲೂ ಬಿಡದು.

ಐಸ್‌ಮ್ಯಾನ್‌ನ ಪ್ರಸಂಗವಾದರೋ ಬೇರೆಯೇ ಬಗೆಯದು. ಆ ಪಾತ್ರದ ವಾಲ್ ಕಿಲ್ಮರನು ಗಂಟಲಿನ ಕ್ಯಾನ್ಸರಿನಿಂದ ದನಿಯನ್ನು ಕಳೆದುಕೊಂಡಿದ್ದನು. ಚಿತ್ರವು ಆ ರೋಗವನ್ನು ಮರೆಮಾಡದೆ ಪಾತ್ರಕ್ಕೇ ಕೊಟ್ಟಿತು. ಹಳೆಯ ಎದುರಾಳಿ ಈಗ ನೌಕಾದಳದ ಅಡ್ಮಿರಲ್. ಇಬ್ಬರು ಮುದಿಯರು ಒಂದು ಕೋಣೆಯಲ್ಲಿ ಕುಳಿತಿದ್ದಾರೆ. ಒಬ್ಬನು ಮಾತನಾಡುತ್ತಾನೆ, ಇನ್ನೊಬ್ಬನು ಕೀಲಿಮಣೆಯ ಮೇಲೆ ಬೆರಳಾಡಿಸಿ ಪರದೆಯಲ್ಲಿ ಅಕ್ಷರ ಮೂಡಿಸುತ್ತಾನೆ. ಹಿಂದಿನದನ್ನು ಕೈಬಿಡಬೇಕೆಂಬ ಒಂದು ಸಾಲು ಅಲ್ಲಿ ಮೂಡಿ ನಿಲ್ಲುತ್ತದೆ. ಮ್ಯಾವರಿಕ್ ಬೇರೆ ಮಾತೆತ್ತುತ್ತಾನೆ. ಐಸ್‌ಮ್ಯಾನ್ ಉತ್ತರ ಬರೆಯದೆ ಅದೇ ಸಾಲನ್ನು ಬೆರಳಿಂದ ತೋರಿಸುತ್ತಾನೆ. ಆಮೇಲೆ ಕಷ್ಟಪಟ್ಟು ಎದ್ದು, ಹರಿದ ದನಿಯಲ್ಲಿ ನಾಲ್ಕು ಮಾತು, ಒಂದು ಅಪ್ಪುಗೆ, ಒಂದು ತಮಾಷೆ. ಮುಂದೆ ಅವನ ಶವಪೆಟ್ಟಿಗೆಯ ಮೇಲೆ ಮ್ಯಾವರಿಕ್ ತನ್ನ ರೆಕ್ಕೆಯ ಪದಕವನ್ನಿಟ್ಟು ಮುಷ್ಟಿಯಿಂದ ಗುದ್ದಿ ಮರಕ್ಕೆ ನಾಟಿಸುವ ಸದ್ದು, ಚಿತ್ರದ ಎಲ್ಲ ಜೆಟ್ಟುಗಳ ಸದ್ದಿಗಿಂತ ದೊಡ್ಡದಾಗಿ ನನಗೆ ಕೇಳಿಸಿತು. ಕಿಲ್ಮರನು 2025ರ ಏಪ್ರಿಲ್ 1ರಂದು ನಿಧನನಾದನು. ಇದೇ ಅವನ ಕೊನೆಯ ಚಿತ್ರವಾಯಿತು.

ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಕೆಲಸವಲ್ಲ. 1986ರಲ್ಲಿ ಶತ್ರುವಿಗೆ ಕೊಟ್ಟ ‘ಮಿಗ್-28’ ಎಂಬ ವಿಮಾನ ಲೋಕದಲ್ಲೇ ಇರಲಿಲ್ಲ. ಅಮೆರಿಕೆಯದೇ ಎಫ್-5ಕ್ಕೆ ಕಪ್ಪು ಬಣ್ಣ ಬಳಿದದ್ದು. ಮಿಗ್-21ನ್ನು ಮನೆಯ ಹೆಸರಿನಂತೆ ಬಲ್ಲ ನಮಗೆ ಆ ಬೆಸವಲ್ಲದ ಸಂಖ್ಯೆಯೇ ವಂಚನೆಯನ್ನು ಹೇಳುತ್ತಿತ್ತು. ಈ ಸಲವೂ ಶತ್ರುವಿಗೆ ಹೆಸರಿಲ್ಲ, ದೇಶವಿಲ್ಲ, ಕಪ್ಪು ಗಾಜಿನ ಹಿಂದೆ ಮುಖವೂ ಇಲ್ಲ. ಆದರೂ ಅವನ ಬಳಿ ಯುರೇನಿಯಮ್ ಘಟಕವೂ ಹಳೆಯ ಎಫ್-14ಗಳೂ ಇವೆ. ಎಫ್-14ನ್ನು ಅಮೆರಿಕೆಯಿಂದ ಕೊಂಡ ದೇಶ ಒಂದೇ ಒಂದು. ಹೆಸರು ಹೇಳದೆ ಮನೆಯ ಗುರುತು ಹೇಳಿದಂತಾಯಿತು. ಗೂಸ್‌ನ ಸಾವಿಗೆ ಮೂವತ್ತಾರು ವರ್ಷ ಅಳುವ ಚಿತ್ರವು ಎದುರಿನ ವಿಮಾನದಲ್ಲಿ ಉರಿದುಹೋದವನಿಗೂ ಒಬ್ಬ ಮಗನಿರಬಹುದೆಂದು ಒಂದು ಗಳಿಗೆಯೂ ಯೋಚಿಸುವುದಿಲ್ಲ. ಹೆಂಗಸರ ವಿಷಯದಲ್ಲೂ ಕಾಲ ಸಮದರ್ಶಿಯಾಗಿಲ್ಲ: ಮೊದಲ ಭಾಗದ ಚಾರ್ಲಿಯ ಹೆಸರನ್ನು ಕೂಡ ಇಲ್ಲಿ ಯಾರೂ ಎತ್ತುವುದಿಲ್ಲ, ಗಂಡಸರ ಸುಕ್ಕುಗಳಿಗೆ ದೊರೆತ ಗೌರವ ಅವಳ ಸುಕ್ಕುಗಳಿಗೆ ದೊರೆಯಲಿಲ್ಲ. ಮದ್ಯಶಾಲೆಯ ಒಡತಿ ಪೆನ್ನಿಯಾಗಿ ಬರುವ ಜೆನಿಫರ್ ಕಾನೆಲಿ ಸೊಗಸಾಗಿ ಅಭಿನಯಿಸಿರುವಳಾದರೂ, ಆ ಪಾತ್ರಕ್ಕೆ ಮ್ಯಾವರಿಕ್‌ಗಾಗಿ ಕಾಯುವುದರ ಹೊರತು ಹೆಚ್ಚಿನ ಕೆಲಸವನ್ನು ಕೊಟ್ಟಿಲ್ಲ.

ಇಷ್ಟಾಗಿಯೂ, ಪೂರ್ವಾರ್ಧಕ್ಕಿಂತ ಉತ್ತರಾರ್ಧವೇ ಮೇಲೆಂದು ನಾನು ಹೇಳುವೆನು. ನೋಡಬಯಸುವವರು ಎರಡನ್ನೂ ಒಂದೇ ರಾತ್ರಿ ನೋಡಬಾರದು. ಮೊದಲನೆಯದನ್ನು ನೋಡಿ, ಒಂದಿಷ್ಟು ಮರೆಯಲು ಬಿಟ್ಟು, ಅನಂತರ ಎರಡನೆಯದನ್ನು ಸಾಧ್ಯವಾದಷ್ಟು ದೊಡ್ಡ ತೆರೆಯ ಮೇಲೆ ನೋಡತಕ್ಕದ್ದು. ಮೂರನೆಯ ಭಾಗದ ಬರವಣಿಗೆ ನಡೆದಿದೆಯೆಂದು 2024ರಲ್ಲಿ ಸುದ್ದಿ ಬಂದಿತು. ಭವಭೂತಿಯ ಇನ್ನೊಂದು ನಾಟಕ ‘ಮಾಲತೀಮಾಧವ’; ಅದರಲ್ಲಿ ರಾಮನಿಲ್ಲ.